ಮೊಳೆಯದ ಅರ್ಧ

ನಮ್ಮತ್ತೆಯ ಉಗುರುಗಳು ನೀಲಿ. ಹಚ್ಚಿಕೊಂಡ ಬಣ್ಣವಲ್ಲ, ಹತ್ತಿಕೊಂಡ ಬಣ್ಣ. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಬುಡದಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತಿತ್ತು. ಸಂಜೆ ಕೆಲಸ ಮುಗಿಸಿ ಬಂದವಳ ಮೈಯಿಂದ ವಿನೆಗರಿನ ಹುಳಿ ವಾಸನೆ ಬರುತ್ತಿತ್ತು. ಬೇರೆಯವರಿಗೆ ಅತ್ತೆ ಎಂದರೆ ಪೌಡರಿನ ವಾಸನೆಯೋ ಹೊಸ ಸೀರೆಯ ವಾಸನೆಯೋ ನೆನಪಾಗಬಹುದು. ನನಗೆ ಇವತ್ತಿಗೂ ವಿನೆಗರ್ ಬಾಟಲಿಯ ಮುಚ್ಚಳ ತೆಗೆದರೆ ಅವಳೇ ಬಂದು ಪಕ್ಕದಲ್ಲಿ ನಿಂತಂತಾಗುತ್ತದೆ. ಅವಳು ಹೋಗಿ ಆಗಲೇ ಕೆಲವು ವರ್ಷಗಳಾದವು.

ಅವಳು ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಬಿಡುವು ಸಿಗಲಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ನಮ್ಮ ಮನೆಯ ಮೇಲಿನ ಕೋಣೆ ಅವಳದು. ಕೆಳಗಿನ ಅಡುಗೆಮನೆಯೂ ಹೆಚ್ಚುಕಡಿಮೆ ಅವಳದೇ, ಯಾಕೆಂದರೆ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಳೆಂದರೆ ಮನೆಗೆ ಬೆಂಕಿ ಬಿದ್ದರೂ ಒಂದು ಅಂಚು ಮುಗಿಸಿಯೇ ಏಳುವವಳು. ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಸೈಕಲ್ ರಿಪೇರಿ ಅಂಗಡಿ. ಅತ್ತೆಗೆ ಊರಾಚೆಯ ಧಾನ್ಯ ತಳಿ ಕೇಂದ್ರದಲ್ಲಿ ಕೆಲಸ. ಎಲ್ಲರೂ ಅದನ್ನು ಸ್ಟೇಷನ್ ಎನ್ನುತ್ತಿದ್ದರು. ನಮ್ಮಕ್ಕ ದಿನಾ ಸ್ಟೇಷನ್ನಿಗೆ ಹೋಗ್ತಾಳೆ ಎಂದು ಅಪ್ಪ ಹೊಸ ಗಿರಾಕಿಗಳ ಮುಂದೆ ಬೇಕೆಂದೇ ಹೇಳಿ, ಅವರ ಮುಖ ಬಿಳಿಚಿಕೊಳ್ಳುವುದನ್ನು ನೋಡಿ ಖುಷಿಪಡುತ್ತಿದ್ದ.

ಸ್ಟೇಷನ್ನಿನಲ್ಲಿ ಅವಳ ಕೆಲಸ ಕಾಳು ಕತ್ತರಿಸುವುದು. ಓಟ್ಸಿನ ಒಂದು ಕಾಳನ್ನು ಚಿಮಟದಲ್ಲಿ ಹಿಡಿದು ಬ್ಲೇಡಿನಿಂದ ಅಡ್ಡಕ್ಕೆ ಎರಡು ಮಾಡಬೇಕು. ಮೊಳಕೆಯ ಮೂತಿ ಇರುವ ಅರ್ಧ ಗುಳಿಗಳ ತಟ್ಟೆಯಲ್ಲಿ ತನ್ನ ಗುಳಿ ಸೇರಿ ಕಾಯುತ್ತಾ ಕೂರುತ್ತದೆ. ಇನ್ನೊಂದು ಅರ್ಧದಲ್ಲಿ ಬರೀ ಹಿಟ್ಟು, ಅದು ಮೊಳೆಯುವುದಿಲ್ಲ. ಅದನ್ನು ಅರೆದು, ಆಲ್ಕೋಹಾಲ್ ಬೆರೆಸಿದ ನೀರಿನಲ್ಲಿ ನೆನೆಸಿ ಪ್ರೋಟೀನನ್ನು ಬಿಡಿಸಿಕೊಂಡು, ಎರಡು ಗಾಜುಗಳ ನಡುವೆ ಎರೆದ ತೆಳ್ಳನೆಯ ಜೆಲ್ಲಿನಲ್ಲಿ ಕರೆಂಟು ಹರಿಸಿ ಓಡಿಸಬೇಕು. ಸಣ್ಣ ಪ್ರೋಟೀನುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ನೀಲಿಯಲ್ಲಿ ಅದ್ದಿ, ಹುಳಿ ನೀರಿನಲ್ಲಿ ತೊಳೆದರೆ ಗೆರೆಗೆರೆಯಾಗಿ ಏಳುತ್ತವೆ. ಆ ಗೆರೆಗಳನ್ನು ನೋಡಿದರೆ ಆ ಕಾಳಿನಲ್ಲಿ ಯಾವ ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂದು ತಿಳಿಯುತ್ತದೆ. ಬೇಕಾದ ಗೆರೆಗಳಿದ್ದರೆ ಕಾದು ಕೂತ ಇನ್ನೊಂದು ಅರ್ಧಕ್ಕೆ ಕುಂಡದ ಮಣ್ಣು, ಇಲ್ಲದಿದ್ದರೆ ಕಸದ ಬುಟ್ಟಿ. ಮೊಳೆಯದ ಅರ್ಧ ಮೊಳೆಯುವ ಅರ್ಧದ ಹಣೆಬರಹ ಹೇಳುತ್ತದೆ ಎನ್ನುತ್ತಿದ್ದಳು ಅತ್ತೆ. ಬೀದಿಯವರು ಅವಳಿಗೆ ಅರ್ಧಕಾಳು ಎಂದು ಹೆಸರಿಟ್ಟಿದ್ದರು.

ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಆ ಕೋಣೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಕ್ಕುವ ಅಂಗಳದ ಕಡೆಗೆ ಒಂದು ಕಿಟಕಿ, ಕಾಲು ಕುಂಟುವ ಒಂದು ಸ್ಟೂಲು, ಸಣ್ಣ ದನಿಯ ರೇಡಿಯೋ, ಟಿಕ್ ಟಿಕ್ ಎಂದು ಕಾಳು ಸೀಳುವ ಸದ್ದು. ಮುಟ್ಟಬೇಡ ಎಂದು ಹೇಳಿಯೇ ಜೆಲ್ಲಿನ ತುದಿಯನ್ನು ಬೆರಳಿಂದ ಮುಟ್ಟಲು ಬಿಡುತ್ತಿದ್ದಳು. ಅದು ತಣ್ಣಗೆ ನಡುಗುತ್ತಿತ್ತು. ಈಗ ಅಲ್ಲಿ ಯಾರೂ ಕಾಳು ಸೀಳುವುದಿಲ್ಲವಂತೆ. ಎಲೆಯ ಒಂದು ಚೂರು ಕೊಟ್ಟರೆ ಯಂತ್ರವೇ ಜೀನು ಓದಿಬಿಡುತ್ತದಂತೆ. ಇರಲಿ, ಒಳ್ಳೆಯದೇ. ಆದರೂ ನನಗೆ ಆ ಟಿಕ್ ಟಿಕ್ ಬೇಕು ಅನಿಸುತ್ತದೆ.

ನಾನು ತಿಂದದ್ದು ಮೈಗೆ ಹತ್ತದ ಮಗು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಓರಗೆಯ ಹುಡುಗಿಯರು ನನ್ನ ತಲೆ ದಾಟಿ ಬೆಳೆಯುತ್ತಿದ್ದರೆ ನಾನು ಬಾಗಿಲ ಚೌಕಟ್ಟಿನ ಮೇಲೆ ಗೀಚಿದ ಗುರುತಿನ ಕೆಳಗೇ ನಿಂತಿದ್ದೆ. ಅತ್ತೆ ನನ್ನನ್ನು ಕಡ್ಡಿ ಎಂದೇ ಕರೆಯುತ್ತಿದ್ದಳು. ಊರಿನ ಡಾಕ್ಟರುಗಳೆಲ್ಲ ಹುಳದ ಔಷಧ ಕೊಟ್ಟು ಕೈಚೆಲ್ಲಿದ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಇದು ಸೀಲಿಯಾಕ್ ಕಾಯಿಲೆ ಎಂದು ಕಂಡುಹಿಡಿದರು. ಟವಲಿನ ಮೇಲೆ ಎಳೆಗಳಿರುವಂತೆ ಸಣ್ಣ ಕರುಳಿನ ಒಳಗೂ ಎಳೆಗಳಿರುತ್ತವೆ, ಊಟದ ಸಾರ ಹೀರುವುದು ಅವೇ, ಈ ಮಗುವಿನ ಟವಲು ಸವೆದು ಬರೀ ಬಟ್ಟೆಯಾಗಿದೆ ಎಂದು ವಿವರಿಸಿದರು. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಪ್ರೋಟೀನನ್ನು ಕಂಡರೆ ನನ್ನ ದೇಹ ಶತ್ರು ಬಂದ ಎಂದು ತಿಳಿದು ತನ್ನ ಕರುಳನ್ನೇ ಹೊಡೆಯುತ್ತದಂತೆ. ಇದಕ್ಕೆ ಔಷಧವಿಲ್ಲ, ಜೀವಮಾನವಿಡೀ ಆ ಕಾಳುಗಳನ್ನು ಬಿಡಬೇಕು ಎಂದರು.

ಹೀಗಾಗುವ ಗುಣ ವಂಶದಲ್ಲಿ ಬರುತ್ತದೆ ಎಂದು ಅವರು ಸೇರಿಸಿದ್ದೇ ತಡ, ಅದು ಯಾರ ವಂಶ ಎಂದು ಅಪ್ಪ ಅಮ್ಮನಿಗೆ ವಾರವಿಡೀ ಜಟಾಪಟಿ. ಅತ್ತೆ ಸುಮ್ಮನೆ ಹೋಗಿ ತನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಳು. ಆ ಜೀನು ಅವಳಲ್ಲೂ ಇತ್ತು, ಕಾಯಿಲೆ ಮಾತ್ರ ಬಂದಿರಲಿಲ್ಲ. ಅಮ್ಮ ಗೆದ್ದ ಮುಖ ಮಾಡಿಕೊಂಡು ಹೊಲಿಗೆಗೆ ಕೂತಳು. ಅತ್ತೆ ಮಾತ್ರ ಆವತ್ತಿನಿಂದ ನನ್ನ ಕಾಯಿಲೆ ತನ್ನದೇ ಎಂಬಂತೆ ತಲೆಗೆ ಹಚ್ಚಿಕೊಂಡಳು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗೂ ಒಂದೇ ಪಾತ್ರೆಯ ಓಟ್ಸ್ ಗಂಜಿ. ಓಟ್ಸ್ ವಿಷಯದಲ್ಲಿ ಡಾಕ್ಟರಮ್ಮನೂ ಗಟ್ಟಿಯಾಗಿ ಏನೂ ಹೇಳಲಿಲ್ಲ. ಕೆಲವರು ಕೊಡಬಹುದು ಎನ್ನುತ್ತಾರೆ, ಕೆಲವರು ಬೇಡ ಎನ್ನುತ್ತಾರೆ, ಸದ್ಯಕ್ಕೆ ಬಿಡಿ ಎಂದರು. ನನಗೆ ಬೇರೆ ಪಾತ್ರೆ, ಬೇರೆ ತಟ್ಟೆ, ಬೇರೆ ಮೂಲೆ ಬಂತು. ಅಕ್ಕಿ ಗಂಜಿ ಚೆನ್ನಾಗಿಯೇ ಇತ್ತು. ಆದರೆ ಎಲ್ಲರೂ ಒಂದು ಪಾತ್ರೆಯ ಸುತ್ತ ಕೂತು ನಗುವಾಗ ಮೂಲೆಯಲ್ಲಿ ಕೂತವಳಿಗೆ ಅಕ್ಕಿಯೂ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಅಳುತ್ತಿರಲಿಲ್ಲ, ಬರೀ ನೋಡುತ್ತಿದ್ದೆ. ಅದನ್ನು ಅತ್ತೆಗೆ ಸಹಿಸಲಾಗಲಿಲ್ಲ.

ಒಂದು ರಜಾದಿನ ಸ್ಟೇಷನ್ನಿನ ಕೋಣೆಯಲ್ಲಿ ಅವಳು ನನ್ನ ಮುಂದೆ ಎರಡು ಜೆಲ್ ಇಟ್ಟಳು. ಒಂದರಲ್ಲಿ ಗೋಧಿ, ದಟ್ಟ ಗೆರೆಗಳ ಸಂತೆ. ಇನ್ನೊಂದರಲ್ಲಿ ಓಟ್ಸ್, ಅಲ್ಲೊಂದು ಇಲ್ಲೊಂದು ಗೆರೆ. ಎರಡೂ ಮೂರು ಮೂರು ಮನೆತನಗಳು ಕೂಡಿ ಹುಟ್ಟಿದ ಕಾಳುಗಳೇ, ಮೂರು ಪೂರ್ವಜ ಹುಲ್ಲುಗಳ ವರ್ಣತಂತುಗಳು ಎರಡರಲ್ಲೂ ಇವೆ ಎಂದಳು. ಆದರೆ ಗೋಧಿಯಲ್ಲಿ ಈ ತಂಟೆಕೋರ ಪ್ರೋಟೀನಿನ ಜೀನುಗಳು ಮಕ್ಕಳು ಮರಿ ಹಾಕಿ ಊರು ತುಂಬಿಕೊಂಡವು. ಓಟ್ಸಿನಲ್ಲಿ ಸಂಸಾರ ಚಿಕ್ಕದಾಗಿಯೇ ಉಳಿಯಿತು. ಇದರ ಪ್ರೋಟೀನಿಗೆ ಅವೆನಿನ್ ಎಂದು ಹೆಸರು, ಗೋಧಿಯದಕ್ಕಿಂತ ಬೇಗ ಹೊಟ್ಟೆಯಲ್ಲಿ ಪುಡಿಯಾಗುತ್ತದೆ, ಕರುಳು ಜಗಳ ತೆಗೆಯುವ ತುಣುಕುಗಳು ಇದರಲ್ಲಿ ಬಹಳ ಕಡಿಮೆ, ಅದೂ ತಳಿಯಿಂದ ತಳಿಗೆ ಬೇರೆ ಬೇರೆ. ಎಲ್ಲಕ್ಕಿಂತ ಕಡಿಮೆ ಗೆರೆಯ ತಳಿಯೊಂದು ಸ್ಟೇಷನ್ನಿನಲ್ಲಿತ್ತು. ಅದನ್ನು ನಿನಗೆ ತರುತ್ತೇನೆ ಎಂದಳು. ಡಾಕ್ಟರಮ್ಮನನ್ನು ಕೇಳಿದಾಗ ಅವರು, ಬೇರೆ ಕಾಳು ಬೆರೆಯದಂತೆ ನಿಮ್ಮಿಂದ ನೋಡಿಕೊಳ್ಳಲು ಆಗುವುದಾದರೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ ಎಂದರಂತೆ. ಬೆರೆಯದಂತೆ ನೋಡುವುದೇ ನನ್ನ ಹೊಟ್ಟೆಪಾಡು ಎಂದು ಅತ್ತೆ ಎದೆಯುಬ್ಬಿಸಿಕೊಂಡು ಬಂದಳು.

ಅದು ಸುಳ್ಳಲ್ಲ. ಬೀಜದ ಶುದ್ಧತೆಯ ವಿಷಯದಲ್ಲಿ ಅವಳು ಸ್ಟೇಷನ್ನಿಗೆ ಸಿಂಹಸ್ವಪ್ನವಾಗಿದ್ದಳು. ಅಲ್ಲಿ ಬೀಜ ತುಂಬುವುದು ದಪ್ಪ ಬಟ್ಟೆಯ ಚೀಲಗಳಲ್ಲಿ. ಒಂದು ವರ್ಷ ಗೋಧಿ ತುಂಬಿದ ಚೀಲಕ್ಕೆ ಮರುವರ್ಷ ಬಾರ್ಲಿ, ಆಮೇಲೆ ಓಟ್ಸ್. ಚೀಲಗಳನ್ನು ಒಗೆಯುವುದಿಲ್ಲ, ತೇವ ಉಳಿದರೆ ಬೀಜ ಬೂಸಲು ಹಿಡಿಯುತ್ತದೆ. ಒಳಹೊರಗು ತಿರುವಿ, ಗೋಡೆಗೆ ಬಡಿದು, ಹೊಲಿಗೆಯ ಸಂದಿನಲ್ಲಿ ಉಗುರಾಡಿಸಿ ಒಂದು ಕಾಳೂ ಉಳಿದಿಲ್ಲ ಎಂದು ನೋಡುತ್ತಾರೆ. ಕಾಳಿಲ್ಲದ ಚೀಲ ಚೊಕ್ಕ ಚೀಲ. ಉಗ್ರಾಣ ನೋಡಿಕೊಳ್ಳುತ್ತಿದ್ದವರಿಗೆ ದೊಡ್ಡ ಮೀಸೆ, ಎಲ್ಲರಿಗೂ ಅವರು ಮೀಸೆ ಮಾವ. ಅವರು ಚೀಲ ಬಡಿದ ಮೇಲೂ ಅತ್ತೆ ತನ್ನ ನೀಲಿ ಉಗುರನ್ನು ಹೊಲಿಗೆಯುದ್ದಕ್ಕೂ ಓಡಿಸದೆ ಬಿಡುತ್ತಿರಲಿಲ್ಲ. ನಿಮ್ಮ ಉಗುರಿಗೆ ಸರ್ಕಾರ ಬೇರೆ ಸಂಬಳ ಕೊಡಬೇಕು ಎಂದು ಮೀಸೆ ಮಾವ ರೇಗಿಸುತ್ತಿದ್ದರು.

ಹಾಗೆ ನೋಡಿ ಆರಿಸಿದ ಚೀಲದಲ್ಲಿ ನನ್ನ ಓಟ್ಸ್ ಮನೆಗೆ ಬಂತು. ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ಆರಿಸಿದ್ದಳು. ಸ್ಟೇಷನ್ನಿನ ಪದ್ಧತಿಯಂತೆ ಚೀಲದೊಳಗೇ ಹಾಕಿ ಹಲಗೆಯ ಮೇಲೆ ಉಜ್ಜಿ ಉಜ್ಜಿ ಸಿಪ್ಪೆ ಬಿಡಿಸಿದಳು, ಕೇರಿದಳು, ಹೊಸ ಪಾತ್ರೆಯಲ್ಲಿ ಬೇಯಿಸಿದಳು. ನಾನು ಮೂಲೆಯಿಂದ ಎದ್ದು ಎಲ್ಲರ ನಡುವೆ ಕೂತೆ. ಅತ್ತೆ ಸೌಟು ತುಂಬ ಬಡಿಸಿದಳು. ಆ ದಿನಗಳ ಸುಖ ನನಗೆ ಇನ್ನೂ ನಾಲಿಗೆಯಲ್ಲಿದೆ.

ಹೆಚ್ಚು ದಿನ ನಡೆಯಲಿಲ್ಲ. ತಿಂಗಳು ತುಂಬುವುದರೊಳಗೆ ಹೊಟ್ಟೆ ಉಬ್ಬಿತು, ಭೇದಿ ಹಿಡಿಯಿತು, ಬಂದಷ್ಟು ತೂಕವೂ ಇಳಿದು ಆಸ್ಪತ್ರೆಯ ಮಂಚ ಸೇರಿದೆ. ಡಾಕ್ಟರಮ್ಮ ಈ ಮಗುವಿಗೆ ಓಟ್ಸ್ ಕೂಡ ಆಗುವುದಿಲ್ಲ ಎಂದು ಬರೆದುಬಿಟ್ಟರು. ಅಂಥವರು ಅಪರೂಪಕ್ಕೆ ಇರುತ್ತಾರಂತೆ. ಅಪ್ಪ ಮೆತ್ತಗಿನ ಮನುಷ್ಯ, ಪಂಕ್ಚರ್ ಮಾಡಿಕೊಂಡು ಬಂದ ಸೈಕಲ್ಲಿಗೂ ಗದರುವವನಲ್ಲ. ಆವತ್ತು ನನ್ನ ಮಂಚದ ಪಕ್ಕದಲ್ಲೇ ನಿಂತು, ದನಿ ಎತ್ತದೆ ಹೇಳಿದ.

"ಅಕ್ಕಾ, ನಿನ್ನ ಪ್ರಯೋಗಕ್ಕೆ ನನ್ನ ಮಗಳೇ ಬೇಕಾಗಿತ್ತಾ? ಇನ್ಮೇಲೆ ಇವಳ ತಟ್ಟೆಗೆ ನಿನ್ನ ಕೈ ಸೋಕೋದು ಬೇಡ."

ಅತ್ತೆ ಮನೆ ಬಿಟ್ಟು ಹೋಗಲಿಲ್ಲ. ಹೋಗಿದ್ದರೆ ಅಪ್ಪನೇ ಓಡಿಹೋಗಿ ಕರೆದುಕೊಂಡು ಬರುತ್ತಿದ್ದ, ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮೊದಲಿನಂತೆ ಅಡುಗೆ ಮಾಡಿದಳು, ಎಲ್ಲರಿಗೂ ಬಡಿಸಿದಳು, ನನ್ನ ತಟ್ಟೆಯ ಹತ್ತಿರ ಬಂದಾಗ ಮಾತ್ರ ನಿಂತು ಸೌಟನ್ನು ಅಮ್ಮನ ಕೈಗೆ ಕೊಟ್ಟಳು. ದಿನಾ ಹಾಗೆಯೇ. ನಾನು ದೊಡ್ಡವಳಾಗಿ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಅವಳ ಕನ್ನಡಕದ ಗಾಜನ್ನು ನಾನೇ ಉಜ್ಜಿ ಕೂರಿಸುವ ಕಾಲ ಬಂದರೂ ಆ ಸೌಟು ಕೈ ಬದಲಾಯಿಸುವುದು ನಿಲ್ಲಲಿಲ್ಲ. ಅಪ್ಪ ತಾನು ಆಡಿದ ಮಾತನ್ನು ಮರೆತಿದ್ದನೋ, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ತಟ್ಟೆ ನೋಡುತ್ತಿದ್ದನೋ, ನನಗೆ ಗೊತ್ತಿಲ್ಲ. ಅವರಿಬ್ಬರೂ ಅದು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು. ನನಗಂತೂ ಅವಳ ಕೈಯ ಊಟ ಬೇಕಿತ್ತು. ಕೇಳಿದರೆ ಬೇಡ ಕಣೇ ಕಡ್ಡಿ, ನಿಂಗೆ ಆಗಲ್ಲ ಎನ್ನುತ್ತಿದ್ದಳು, ಕಾಯಿಲೆ ತನ್ನ ಬೆರಳಲ್ಲೇ ಇದ್ದ ಹಾಗೆ.

ನಿವೃತ್ತಿಗೆ ಸ್ವಲ್ಪ ಮುಂಚೆ ಸ್ಟೇಷನ್ನಿಗೆ ಹೊಸ ಮೇಡಂ ಒಬ್ಬರು ಬಂದರು. ನನ್ನಂಥ ರೋಗಿಗಳಿಗೆ ಕೊಡಬಹುದಾದ ಓಟ್ಸ್ ಬೆಳೆಯಬೇಕೆಂಬುದು ಅವರ ಯೋಜನೆ. ಗೋಧಿ ಬಾರ್ಲಿಯ ಪ್ರೋಟೀನು ಒಂದಿಷ್ಟಿದ್ದರೂ ಕೆಂಪು ಗೆರೆ ತೋರಿಸುವ ಕಾಗದದ ಪಟ್ಟಿಗಳನ್ನು ತರಿಸಿದ್ದರು. ಅತ್ತೆಯ ಆ ಹಳೆಯ ತಳಿಯನ್ನೇ ಆರಿಸಿಕೊಂಡರು. ಪಟ್ಟಿ ಅದ್ದಿದರೆ ಕೆಂಪು ಗೆರೆ. ಮೇಡಂ ಅತ್ತೆಯ ಜೆಲ್ಲನ್ನೇ ಅನುಮಾನಿಸಿದರು. ಅತ್ತೆ ಮುಖ ಊದಿಸಿಕೊಂಡು ಮತ್ತೆ ಕಾಳು ಸೀಳಿ ಓಡಿಸಿದಳು, ಬೇರೆ ಕಾಳಿನ ಸುಳಿವೇ ಇಲ್ಲ. ಮತ್ತೆ ಪಟ್ಟಿ, ಮತ್ತೆ ಕೆಂಪು. ಕೊನೆಗೆ ಮೇಡಂ ಹೊಲಕ್ಕೆ ಹೋಗಿ ತೆನೆಯಿಂದಲೇ ಕಾಳು ಬಿಡಿಸಿ ತಂದು ನೋಡಿದರು. ಗೆರೆ ಇಲ್ಲ. ತೆನೆಯಲ್ಲಿ ಇಲ್ಲದ್ದು ಉಗ್ರಾಣದಲ್ಲಿ ಬಂದಿದೆ ಎಂದಾಯಿತು.

ಮುಂದಿನದನ್ನು ನನಗೆ ಹೇಳಿದವರು ಮೀಸೆ ಮಾವ. ಮೇಡಂ, ಅತ್ತೆ, ಅವರು ಮೂವರೂ ಉಗ್ರಾಣಕ್ಕೆ ಹೋದರಂತೆ. ಎಂದಿನಂತೆ ಮೀಸೆ ಮಾವ ಚೀಲವೊಂದನ್ನು ಒಳಹೊರಗು ತಿರುವಿ ಗೋಡೆಗೆ ಬಡಿದರಂತೆ. ಕಿಟಕಿಯ ಬಿಸಿಲಿನಲ್ಲಿ ಧೂಳು ಎದ್ದಿತು. ಮೇಡಂ ಒದ್ದೆ ಹತ್ತಿಯಿಂದ ಚೀಲದ ಒಳಮೈ ಒರೆಸಿ ಪಟ್ಟಿಗೆ ತಾಗಿಸಿದರು. ಅಷ್ಟು ಕಡು ಕೆಂಪು ಗೆರೆ ಅದುವರೆಗೆ ಬಂದಿರಲಿಲ್ಲ. "ಆದ್ರೆ ಧೂಳು ಮೊಳೆಯೋದಿಲ್ವಲ್ಲ ಮೇಡಂ" ಎಂದು ಅತ್ತೆ ಹೇಳಿದಳಂತೆ. ಹೇಳಿದವಳಿಗೇ ಅರ್ಥವಾಗಿ, ಆ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳಂತೆ.

ಬೀಜದವರ ಕಣ್ಣಿಗೆ ಹೊಲದಲ್ಲಿ ಮೊಳೆತು ತಳಿ ಕೆಡಿಸುವುದೊಂದೇ ಕಲಬೆರಕೆ. ಒಡೆದ ಕಾಳಿನ ಪುಡಿ ಮೊಳೆಯುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ವರ್ಷ ವರ್ಷದ ಗೋಧಿ ಬಾರ್ಲಿಯ ಪುಡಿ ಆ ಬಟ್ಟೆಯ ನೂಲಿನೊಳಗೆ ಕೂತಿತ್ತು, ಅತ್ತೆ ಅದೇ ಚೀಲದಲ್ಲಿ ನನ್ನ ಓಟ್ಸನ್ನು ಉಜ್ಜಿ ಉಜ್ಜಿ ಅಷ್ಟನ್ನೂ ಬೆರೆಸಿದ್ದಳು. ಜೀವಮಾನವಿಡೀ ಮೊಳೆಯದ ಅರ್ಧವನ್ನೇ ಓದಿದವಳು ಚೀಲದಲ್ಲಿ ಅದನ್ನು ನೋಡಲಿಲ್ಲ. ನೆನೆದರೆ ನನಗೆ ಈಗಲೂ ಸಂಕಟ, ನನಗಾಗಿ ಅಲ್ಲ, ಅವಳಿಗಾಗಿ.

ಆವತ್ತು ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದಳು. ನೇರ ಅಪ್ಪನ ಅಂಗಡಿಯ ಬಾಗಿಲಲ್ಲಿ ನಿಂತು, ತಂದಿದ್ದ ಖಾಲಿ ಚೀಲವನ್ನು ಕಂಬಕ್ಕೆ ಒಮ್ಮೆ ಬಡಿದಳು. ಹೊರಗೆ ನಿಲ್ಲಿಸಿದ್ದ ಸೈಕಲ್ಲಿನ ಕಪ್ಪು ಸೀಟಿನ ಮೇಲೆ ಬಿಳಿ ಪುಡಿ ಬಿತ್ತು.

"ಓಟ್ಸ್ ಅಲ್ಲ ಕಣೋ. ಚೀಲ" ಎಂದಳು. "ನಾನು ಕಾಳು ನೋಡ್ದೆ, ಧೂಳು ನೋಡ್ಲಿಲ್ಲ."

ಅಪ್ಪ ಸೀಟಿನ ಮೇಲೆ ಬೆರಳೆಳೆದ. "ಅಂದ್ರೆ ತಪ್ಪು ನಿಂದೇ ಆಯ್ತಲ್ಲ" ಎಂದ.

"ನಂದೇ. ಆದ್ರೆ ಅವಳಿಗೆ ಓಟ್ಸ್ ಆಗಬಹುದು."

ಅವಳ ಮುಖದಲ್ಲಿ ಅಳುವೂ ಇತ್ತು, ಆಸೆಯೂ ಇತ್ತು. ನಾನು ಊಟಕ್ಕೆಂದು ಬಂದವಳು ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು, ಅರ್ಧ ಅಂಚಿನಲ್ಲಿ ಅವಳು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಂದವಳೇ ಆ ಹಾಳು ಚೀಲವನ್ನು ಮೊದಲು ಬೀದಿಗೆ ಎಸೆಯಿರಿ ಎಂದು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿ, ಸೈಕಲ್ಲಿಗೆ ಬಕೆಟ್ ನೀರು ಸುರಿದಳು.

ಅಪ್ಪ ಒಪ್ಪಲಿಲ್ಲ. ಗೋರಿಯಿಂದ ಎದ್ದು ಬಂದ ಮಗಳನ್ನು ಮತ್ತೆ ಅಲ್ಲಿಗೆ ಕಳಿಸಲಾರೆ ಎಂದ. ಆದರೆ ಹೊಟ್ಟೆ ನನ್ನದು, ವಯಸ್ಸೂ ಆಗಿತ್ತು. ನಾನೇ ಡಾಕ್ಟರಮ್ಮನ ಹತ್ತಿರ ಹೋದೆ. ಅವರ ಕೂದಲು ಬೆಳ್ಳಗಾಗಿತ್ತು, ಮಾತು ಮಾತ್ರ ಹಾಗೆಯೇ ಇತ್ತು. ಶುದ್ಧ ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತದೆಂದು ಈಗ ಗೊತ್ತು, ಆದರೆ ಅದೂ ಒಗ್ಗದ ಕೆಲವರು ನಿಜವಾಗಿಯೂ ಇದ್ದಾರೆ, ನೀನು ಯಾರೆಂದು ಚೀಲ ಹೇಳುವುದಿಲ್ಲ, ನಿನ್ನ ಕರುಳು ಹೇಳಬೇಕು ಎಂದರು. ಮೊದಲು ಪರೀಕ್ಷೆ, ಆಮೇಲೆ ಕೆಲವು ತಿಂಗಳು ದಿನಾ ಒಂದಿಷ್ಟು ಗಂಜಿ, ನಡುನಡುವೆ ರಕ್ತ, ಕೊನೆಗೆ ಕೊಳವೆ ಇಳಿಸಿ ಕರುಳು ನೋಡುವುದು ಎಂದು ನಿಶ್ಚಯವಾಯಿತು.

ಓಟ್ಸ್ ಸ್ಟೇಷನ್ನಿನ ದೂರದ ತಾಕಿನಿಂದ ಬಂತು. ಹೊಸ ಕುಡುಗೋಲಿನಲ್ಲಿ ಕೊಯ್ದು, ಹೊಸ ಒರಳಿನಲ್ಲಿ ಸಿಪ್ಪೆ ಬಿಡಿಸಿ, ಹೊಸ ಡಬ್ಬಿಯಲ್ಲಿ ತುಂಬಿದ್ದು. ಮೇಡಂ ಪ್ರತಿ ಡಬ್ಬಿಗೂ ಪಟ್ಟಿ ಅದ್ದಿ ನೋಡಿ ಕಳಿಸಿದರು. ಅತ್ತೆ ಬೇಯಿಸಿದಳು. ಬಡಿಸು ಎಂದು ನಾನು ತಟ್ಟೆ ಚಾಚಿದರೆ, ಡಾಕ್ಟರು ಹೇಳೋವರೆಗೂ ನನ್ನ ಕೈ ಬೇಡ ಎಂದು ಸೌಟನ್ನು ಅಮ್ಮನಿಗೇ ಕೊಟ್ಟಳು. ನಾನು ತಿನ್ನುವಾಗ ಅಡುಗೆಮನೆಯಲ್ಲಿ ನಿಲ್ಲದೆ ಮಹಡಿಗೆ ಹೋಗುತ್ತಿದ್ದಳು. ನಡುವೆ ಒಂದು ದಿನ ನನಗೆ ಹೊಟ್ಟೆ ಹಿಡಿದುಕೊಂಡಿತು. ಅಪ್ಪ ಡಬ್ಬಿಯನ್ನೇ ಎಸೆಯಲು ಎದ್ದ, ಅತ್ತೆ ಸುಣ್ಣದ ಗೋಡೆಯಂತೆ ಬೆಳ್ಳಗಾದಳು. ಕನ್ನಡಕದ ಅಂಗಡಿಯಲ್ಲಿ ಕೂತು ಹುಳಿ ದ್ರಾಕ್ಷಿಯನ್ನು ಬುಟ್ಟಿಗಟ್ಟಲೆ ತಿಂದಿದ್ದೆ ಎಂದು ನಾನು ಬಾಯಿ ಬಿಡಬೇಕಾಯಿತು. ಇಷ್ಟು ವಯಸ್ಸಾದರೂ ನಾಲಿಗೆ ಚಪಲ ಹೋಗಿಲ್ಲ ಎಂದು ಮೂವರೂ ಸೇರಿ ಬೈದರು. ಅಷ್ಟು ಒಗ್ಗಟ್ಟಾಗಿ ಅವರು ಮಾತಾಡಿ ವರ್ಷಗಳಾಗಿದ್ದವು.

ಕೊಳವೆ ಇಳಿಸಿದ ಮೇಲೆ ಫಲಿತಾಂಶಕ್ಕೆ ಅಪ್ಪ ಒಬ್ಬನೇ ಆಸ್ಪತ್ರೆಗೆ ಹೋದ, ಯಾರೂ ಬರಬೇಡಿ ಎಂದ. ಸಂಜೆ ಬಂದವನು ಒಂದು ಸೈಕಲ್ಲಿನ ಚಕ್ರ ಬಿಚ್ಚಿದ, ಮತ್ತೆ ಕೂರಿಸಿದ. ಅಮ್ಮ ಗದರಿದ ಮೇಲೆ, ಟವಲು ಹೊಸದರ ಹಾಗಿದೆಯಂತೆ ಎಂದ. ಅತ್ತೆ ಮಹಡಿಯ ಮೆಟ್ಟಿಲ ಮೇಲಿದ್ದಳು. ಕೇಳಿಸಿಕೊಂಡು ಹಾಗೆಯೇ ಮೇಲೆ ಹೋದಳು.

ಮರುದಿನ ಬೆಳಿಗ್ಗೆ ಒಂದೇ ಪಾತ್ರೆ. ಡಬ್ಬಿಯ ಓಟ್ಸೇ ಎಲ್ಲರಿಗೂ. ಅತ್ತೆ ಅಪ್ಪನಿಗೆ ಬಡಿಸಿದಳು, ಅಮ್ಮನಿಗೆ ಬಡಿಸಿದಳು, ನನ್ನ ತಟ್ಟೆಯ ಹತ್ತಿರ ಬಂದು, ಎಷ್ಟೋ ವರ್ಷಗಳ ರೂಢಿ, ಸೌಟನ್ನು ಅಮ್ಮನ ಕಡೆಗೆ ಚಾಚಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಿದ. ಕೈ ಮುಂದೆ ಮಾಡಿ ಆ ಸೌಟನ್ನು ನಡುದಾರಿಯಲ್ಲೇ ಹಿಡಿದು ಮೆಲ್ಲಗೆ ಅವಳ ಕಡೆಗೇ ತಿರುಗಿಸಿದ.

"ಅಕ್ಕಾ, ನೀನೇ ಬಡಿಸು."

ಅತ್ತೆಯ ನೀಲಿ ಉಗುರಿನ ಕೈ ಸೌಟನ್ನು ಬಗ್ಗಿಸಿತು, ಗಂಜಿ ಮೇಜಿನ ಮೇಲೂ ಚೆಲ್ಲಿತು. ತಟ್ಟೆ ತುಂಬಿತು. ಸಾಕು ಅತ್ತೆ ಎಂದೆ. ಕೇಳಿಸದವಳಂತೆ ಇನ್ನೊಂದು ಸೌಟು ಹಾಕಿದಳು.